ಹವಳದ ಅಕ್ವೇರಿಯಂನ ತಳಮರಳು

ಹವಳದ ಅಕ್ವೇರಿಯಂನ ತಳಮರಳು ಎಂದರೆ ಉಪ್ಪುನೀರಿನಲ್ಲಿ ಜೀವಂತ ಹವಳಗಳನ್ನೂ ಅವುಗಳ ಒಡನಾಡಿಗಳಾದ ಮೀನು, ಸಿಗಡಿ, ಶಂಖದ ಹುಳು ಮೊದಲಾದವನ್ನೂ ಸಾಕುವ ಗಾಜಿನ ತೊಟ್ಟಿಯ ತಳದಲ್ಲಿ ಹರಡುವ ಮರಳಿನ ಹಾಸು. ಇಂತಹ ತೊಟ್ಟಿಯಲ್ಲಿ ಪಂಪುಗಳ ನೆರವಿನಿಂದ ನೀರನ್ನು ಹಗಲಿರುಳೂ ಬಿರುಸಾಗಿ ಹರಿಸಬೇಕಾಗುತ್ತದೆ. ಆದ್ದರಿಂದ ಸಾಮಾನ್ಯ ಸಿಹಿನೀರಿನ ತೊಟ್ಟಿಗೆ ಒಪ್ಪುವ ಮರಳು ಇಲ್ಲಿ ಒಪ್ಪುವುದಿಲ್ಲ. ಕಣಗಳು ಅತಿ ಸಣ್ಣವಾದರೆ ಹರಿವಿಗೆ ಎದ್ದು ಹವಳಗಳ ಮೇಲೆ ಕೂತು ಅವುಗಳನ್ನು ಉಸಿರುಗಟ್ಟಿಸುತ್ತವೆ. ಅತಿ ದಪ್ಪವಾದರೆ ಮೀನಿನ ಎಂಜಲು ಮತ್ತು ಮಲ ಕಣಗಳ ಸಂದಿನಲ್ಲಿ ಇಳಿದು ಕೊಳೆಯುತ್ತವೆ. ಬಿರುಸು ಹರಿವಿನ ತೊಟ್ಟಿಗೆ ಸಾಮಾನ್ಯವಾಗಿ 1ರಿಂದ 2 ಮಿ.ಮೀ. ಗಾತ್ರದ, ಕ್ಯಾಲ್ಸಿಯಂ ಕಾರ್ಬೊನೇಟಿನಿಂದಾದ ಮರಳನ್ನು ಆರಿಸುತ್ತಾರೆ.

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆಯ ಸೀಮೆ ಕಡಲಿನಿಂದ ದೂರವಿದ್ದರೂ ಮರಳಿಗೆ ಹೊಸದಲ್ಲ. ಕಾವೇರಿ, ಲಕ್ಷ್ಮಣತೀರ್ಥ, ಕಬಿನಿ ನದಿಗಳು ಇಲ್ಲಿ ಹರಿಯುತ್ತವೆ. ಮನೆ ಕಟ್ಟಲು ತಂದು ರಾಶಿ ಹಾಕಿದ ಮರಳನ್ನೇ ಜರಡಿ ಹಿಡಿದು ತೊಟ್ಟಿಗೆ ಹಾಕಬಾರದೇಕೆ ಎಂಬ ಪ್ರಶ್ನೆ ಈ ಹವ್ಯಾಸಕ್ಕೆ ಹೊಸದಾಗಿ ಬಂದವರಲ್ಲಿ ಸಹಜವಾಗಿಯೇ ಏಳುತ್ತದೆ. ಈ ಲೇಖನದಲ್ಲಿ ಆ ಮರಳನ್ನೇ ಹೋಲಿಕೆಗೆ ತೆಗೆದುಕೊಳ್ಳಲಾಗಿದೆ.

ಬಿರುಸಿನ ಹರಿವಿನ ಅಗತ್ಯ

ಹವಳ ಒಂದು ಪ್ರಾಣಿ. ಆದರೆ ನೆಲೆಯೂರಿದ ಮೇಲೆ ಅದು ಜಾಗ ಬಿಟ್ಟು ಕದಲದು. ಆಹಾರವನ್ನೂ ಆಮ್ಲಜನಕವನ್ನೂ ಅದರ ಬಳಿಗೆ ತರುವುದು, ಅದು ಸ್ರವಿಸಿದ ಲೋಳೆಯನ್ನೂ ಕಶ್ಮಲವನ್ನೂ ತೊಳೆದೊಯ್ಯುವುದು ನೀರೇ. ಮೆದು ಹವಳಗಳಿಗೆ ಸಾಧಾರಣ ಹರಿವು ಸಾಕಾಗುತ್ತದೆ. ಆಕ್ರೊಪೊರಾದಂತಹ ಕವಲೊಡೆಯುವ ಗಟ್ಟಿ ಹವಳಗಳು ಅಲೆ ಅಪ್ಪಳಿಸುವ ಜಾಗದಲ್ಲಿ ಬೆಳೆಯುವಂಥವು. ಅವುಗಳಿಗಾಗಿ ಗಂಟೆಗೆ ತೊಟ್ಟಿಯ ನೀರಿನ 30ರಿಂದ 40 ಪಟ್ಟು ನೀರು ಪಂಪುಗಳ ಮೂಲಕ ಸುತ್ತಬೇಕೆಂಬುದು ಸಾಕುವವರಲ್ಲಿ ಬಳಕೆಯಲ್ಲಿರುವ ಲೆಕ್ಕ. 300 ಲೀಟರಿನ ತೊಟ್ಟಿಯಾದರೆ ಇದು ಗಂಟೆಗೆ 9,000ದಿಂದ 12,000 ಲೀಟರ್ ಆಗುತ್ತದೆ. ಅಷ್ಟು ಹರಿವು ಒಂದೇ ದಿಕ್ಕಿನಿಂದ ಬಂದರೆ ಹವಳದ ಒಂದು ಮೈ ಸವೆಯುವುದರಿಂದ ಎರಡು ಅಥವಾ ಮೂರು ಪಂಪುಗಳನ್ನು ಸರದಿಯಂತೆ ನಡೆಸಿ ಅಲೆಗಳನ್ನು ಎಬ್ಬಿಸುತ್ತಾರೆ.

ಕಣದ ಗಾತ್ರ ಮತ್ತು ನೀರಿನ ವೇಗ

ಭೂವಿಜ್ಞಾನದಲ್ಲಿ ಮರಳು ಎಂಬುದು ಒಂದು ಕಲ್ಲಿನ ಹೆಸರಲ್ಲ, ಒಂದು ಗಾತ್ರದ ಹೆಸರು. ಅಮೆರಿಕದ ಚೆಸ್ಟರ್ ವೆಂಟ್‌ವರ್ತ್ 1922ರಲ್ಲಿ ಪ್ರಕಟಿಸಿದ, ಇಂದಿಗೂ ಬಳಕೆಯಲ್ಲಿರುವ ಶ್ರೇಣಿಯ ಪ್ರಕಾರ 0.0625 ಮಿ.ಮೀ.ನಿಂದ 2 ಮಿ.ಮೀ.ವರೆಗಿನ ಕಣಗಳೆಲ್ಲ ಮರಳೇ. ಅದಕ್ಕಿಂತ ಸಣ್ಣದು ಹೂಳು, ಇನ್ನೂ ಸಣ್ಣದು ಜೇಡಿ. 2 ಮಿ.ಮೀ.ಗಿಂತ ದೊಡ್ಡದು ಹರಳು. ಮರಳಿನೊಳಗೇ ಒಂದೊಂದು ಮಜಲಿಗೆ ಗಾತ್ರ ಇಮ್ಮಡಿಯಾಗುತ್ತ ಹೋಗುತ್ತದೆ: 0.25 ಮಿ.ಮೀ.ಗಿಂತ ಕೆಳಗಿನದು ನಯ, ಅಲ್ಲಿಂದ 0.5ರವರೆಗೆ ಮಧ್ಯಮ, 1ರವರೆಗೆ ಒರಟು, 2ರವರೆಗೆ ಅತಿ ಒರಟು.

ಯಾವ ಗಾತ್ರದ ಕಣ ಎಷ್ಟು ವೇಗದ ನೀರಿಗೆ ಕದಲುತ್ತದೆ ಎಂಬುದನ್ನು ಸ್ವೀಡನ್ನಿನ ಫಿಲಿಪ್ ಹ್ಯೂಲ್‌ಸ್ಟ್ರೋಮ್ ಫೀರಿಸ್ ನದಿಯ ಅಧ್ಯಯನದಿಂದ 1935ರಲ್ಲಿ ಒಂದು ವಕ್ರರೇಖೆಯಾಗಿ ತೋರಿಸಿದರು. ಭೂಗೋಳದ ವಿದ್ಯಾರ್ಥಿಗಳು ನದಿಯ ಪಾಠದಲ್ಲಿ ಈ ರೇಖೆಯನ್ನು ನೋಡಿರುತ್ತಾರೆ. ಅದು ತಿಳಿಸುವ ಒಂದು ಸಂಗತಿ ಅನಿರೀಕ್ಷಿತವಾದುದು. ಕಣ ಸಣ್ಣದಾದಷ್ಟೂ ಸುಲಭವಾಗಿ ಕದಲುತ್ತದೆ ಎಂಬುದು ಎಲ್ಲ ಗಾತ್ರಗಳಿಗೂ ಸಲ್ಲುವುದಿಲ್ಲ. ಎಲ್ಲಕ್ಕಿಂತ ಸುಲಭವಾಗಿ ಕದಲುವುದು ಅರ್ಧ ಮಿ.ಮೀ.ಗಿಂತ ಕೊಂಚ ಸಣ್ಣದಾದ ಮರಳು. ಸೆಕೆಂಡಿಗೆ ಸುಮಾರು 20 ಸೆಂ.ಮೀ. ವೇಗದ ನೀರು ಅದನ್ನು ಎಬ್ಬಿಸಬಲ್ಲದು. ಅದಕ್ಕಿಂತ ದಪ್ಪನೆಯ ಕಣ ತನ್ನ ಭಾರದಿಂದ ನಿಲ್ಲುತ್ತದೆ. ಜೇಡಿಯಷ್ಟು ಸಣ್ಣದಾದರೆ ಕಣಗಳು ಒಂದಕ್ಕೊಂದು ಅಂಟಿಕೊಂಡು ನಿಲ್ಲುತ್ತವೆ. ಹೀಗೆ ಅಂಗಡಿಯಲ್ಲಿ ಸಕ್ಕರೆಯಂತೆ ಕಾಣುವ, ನೋಡಲು ಅತ್ಯಂತ ಚೆಲುವಾದ ಬಿಳಿಯ ಮರಳೇ ಬಿರುಸು ಹರಿವಿಗೆ ಮೊದಲು ಎದ್ದು ಓಡುವಂಥದು.

ಎದ್ದ ಕಣ ಮತ್ತೆ ಕೆಳಗಿಳಿಯಲು ಹಿಡಿಯುವ ಕಾಲವೂ ಅಷ್ಟೇ ಮುಖ್ಯ. ನಿಂತ ನೀರಿನಲ್ಲಿ 1 ಮಿ.ಮೀ.ನ ಬೆಣಚು ಕಣ ಸೆಕೆಂಡಿಗೆ ಸುಮಾರು 15 ಸೆಂ.ಮೀ. ಇಳಿಯುತ್ತದೆ; 45 ಸೆಂ.ಮೀ. ಎತ್ತರದ ತೊಟ್ಟಿಯಲ್ಲಿ ಮೂರು ಸೆಕೆಂಡಿಗೆ ತಳ ಸೇರುತ್ತದೆ. 0.1 ಮಿ.ಮೀ.ನ ಕಣ ಸೆಕೆಂಡಿಗೆ 1 ಸೆಂ.ಮೀ. ಕೂಡ ಇಳಿಯದು. ಅದಕ್ಕೆ ಹೆಚ್ಚುಕಡಿಮೆ ಒಂದು ನಿಮಿಷ ಬೇಕು, ಅದೂ ನೀರು ನಿಶ್ಚಲವಾಗಿದ್ದರೆ ಮಾತ್ರ. ಅಲೆಯೆಬ್ಬಿಸುವ ತೊಟ್ಟಿಯಲ್ಲಿ ಆ ಒಂದು ನಿಮಿಷ ಎಂದೂ ದೊರೆಯುವುದಿಲ್ಲ. ಗಾಜಿನ ಎತ್ತರದ ಜಾಡಿಯಲ್ಲಿ ನೀರು ತುಂಬಿ ಹಿಡಿ ಮರಳು ಹಾಕಿ ಅಲುಗಿಸಿ ನಿಲ್ಲಿಸಿದರೆ ದಪ್ಪನೆಯದು ಕೆಳಗೆ, ನಯವಾದುದು ಮೇಲೆ, ಕೆಸರು ಕಟ್ಟಕಡೆಗೆ ಪದರಪದರವಾಗಿ ಕೂರುವುದನ್ನು ಶಾಲೆಯ ಮಕ್ಕಳೂ ನೋಡಬಹುದು. ಗಾರೆ ಕೆಲಸದವರು ಮರಳಿನಲ್ಲಿ ಮಣ್ಣೆಷ್ಟಿದೆ ಎಂದು ತಿಳಿಯಲು ಮಾಡುವ ಪರೀಕ್ಷೆಯೂ ಇದೇ.

ಇದೇ ಕೆಲಸವನ್ನು ನದಿ ದೊಡ್ಡ ಪ್ರಮಾಣದಲ್ಲಿ ಮಾಡುತ್ತಿರುತ್ತದೆ. ಕೃಷ್ಣರಾಜನಗರದ ಬಳಿಯ ಚುಂಚನಕಟ್ಟೆಯಲ್ಲಿ ಕಾವೇರಿ ಬಂಡೆಗಳ ನಡುವೆ ಧುಮುಕುವಲ್ಲಿ ಮರಳು ನಿಲ್ಲುವುದಿಲ್ಲ, ಬರಿಯ ಬಂಡೆ ಕಾಣುತ್ತದೆ. ಹರಿವು ತಗ್ಗಿದ ತಿರುವುಗಳಲ್ಲಿ ಒರಟು ಮರಳಿನ ದಿಣ್ಣೆ ಕೂರುತ್ತದೆ. ಕಾವೇರಿಯೂ ಲಕ್ಷ್ಮಣತೀರ್ಥವೂ ಕೃಷ್ಣರಾಜಸಾಗರದ ಹಿನ್ನೀರನ್ನು ಸೇರಿ ಓಟ ಕಳೆದುಕೊಂಡಲ್ಲಿ ಹೂಳು ತಂಗುತ್ತದೆ. ಮೊರದಲ್ಲಿ ಕೇರಿದಾಗ ಕಾಳು ಉಳಿದು ಹೊಟ್ಟು ಹಾರುವಂತೆ ನೀರು ಕಣಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುತ್ತ ಹೋಗುತ್ತದೆ. ತೊಟ್ಟಿಯೊಳಗೂ ಪಂಪಿನ ಎದುರು ಬರಿಗಾಜು ಕಾಣುವುದು, ಮೂಲೆಯಲ್ಲಿ ಮರಳು ಗುಡ್ಡೆಯಾಗುವುದು, ಕಲ್ಲಿನ ಹಿಂಬದಿಯಲ್ಲಿ ಗುಂಡಿ ಬೀಳುವುದು ಇದೇ ನಿಯಮದಿಂದ.

ತಳಕ್ಕೆ ತಾಗಿದಂತೆ ನೀರಿನ ವೇಗ ಮೇಲಿನದಕ್ಕಿಂತ ಕಡಿಮೆ ಇರುತ್ತದೆಂಬುದು ಸಮಾಧಾನದ ಸಂಗತಿ. ಪಂಪಿನ ಬಾಯಿಯಲ್ಲಿ ಎಷ್ಟೇ ರಭಸವಿದ್ದರೂ ಅದನ್ನು ನೀರಿನ ಮೇಲ್ಮೈಯತ್ತ ತಿರುಗಿಸಿದರೆ ಮರಳಿಗೆ ತಾಗುವ ಹೊತ್ತಿಗೆ ಅದು ಬಹುಮಟ್ಟಿಗೆ ಇಳಿದಿರುತ್ತದೆ. ಇದಲ್ಲದೆ ಒಂದೆರಡು ತಿಂಗಳು ಕಳೆಯುವಷ್ಟರಲ್ಲಿ ಕಣಗಳ ಮೇಲೆ ಬ್ಯಾಕ್ಟೀರಿಯಾದ ತೆಳುಪೊರೆ ಬೆಳೆದು ಅವುಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಮೊದಲ ದಿನ ಹಾರಿದ ಮರಳು ಮುಂದೆ ಅಷ್ಟಾಗಿ ಹಾರದಿರಲು ಇದೇ ಕಾರಣ.

ಸಿವಿಲ್ ಎಂಜಿನಿಯರಿಂಗ್ ಪ್ರಯೋಗಾಲಯಗಳಲ್ಲಿ ಬಳಸುವ ಭಾರತೀಯ ಮಾನಕದ ಜರಡಿಗಳ ಸಾಲಿನಲ್ಲಿ 4.75 ಮಿ.ಮೀ., 2.36 ಮಿ.ಮೀ., 1.18 ಮಿ.ಮೀ., ಬಳಿಕ 600, 300 ಮತ್ತು 150 ಮೈಕ್ರಾನ್‌ಗಳ ಕಣ್ಣುಗಳಿರುತ್ತವೆ. 2.36ರ ಜರಡಿಯಲ್ಲಿ ಇಳಿದು 1.18ರ ಜರಡಿಯ ಮೇಲೆ ಉಳಿಯುವ ಭಾಗವೇ ಬಿರುಸು ಹರಿವಿಗೆ ಹೆಚ್ಚು ಹೊಂದುವಂಥದು. ಪೊಟ್ಟಣದ ಮೇಲೆ ಬರೆದ ಗಾತ್ರವನ್ನು ಪೂರ್ತಿ ನಂಬದೆ ಒಂದು ಬೊಗಸೆಯನ್ನು ಹೀಗೆ ಜರಡಿ ಹಿಡಿದು ನೋಡುವುದು ಒಳ್ಳೆಯದು. ಸಾಗಣೆಯಲ್ಲಿ ಉಜ್ಜಿ ಹುಡಿಯಾದ ಭಾಗವೂ ಆಗ ತಿಳಿಯುತ್ತದೆ.

ಬೆಣಚು ಮತ್ತು ಸುಣ್ಣ

ಗಾತ್ರದ ನಂತರ ಬರುವ ಪ್ರಶ್ನೆ ಮರಳು ಯಾವುದರಿಂದ ಆಗಿದೆ ಎಂಬುದು. ಈ ನಾಲ್ಕು ತಾಲ್ಲೂಕುಗಳ ಸೀಮೆಯ ಬುಡದಲ್ಲಿರುವುದು ಬಹುಪಾಲು ನೈಸ್ ಶಿಲೆ. ಹೆಗ್ಗಡದೇವನಕೋಟೆಯ ಕಡೆ ಸರಗೂರಿನ ಹೆಸರನ್ನೇ ಹೊತ್ತ, 300 ಕೋಟಿ ವರ್ಷಗಳಿಗಿಂತ ಹಳೆಯದಾದ ಶಿಲಾಗುಂಪೂ ಇದೆ. ಇಂತಹ ಬಂಡೆಗಳು ಶಿಥಿಲವಾಗಿ ನದಿಗೆ ಬಂದಾಗ ಮೆತ್ತನೆಯ ಖನಿಜಗಳು ಸವೆದು ಜೇಡಿಯಾಗುತ್ತವೆ. ಮೋಸ್ ಮಾನದಲ್ಲಿ 7ರಷ್ಟು ಗಡಸಾದ ಬೆಣಚು ಉಳಿಯುತ್ತದೆ. ಅದರೊಂದಿಗೆ ಫೆಲ್ಡ್‌ಸ್ಪಾರ್‌ನ ಚೂರುಗಳು, ಹೊಳೆಯುವ ಕಾಗೆಬಂಗಾರದ ಹಾಳೆಗಳು, ಅಯಸ್ಕಾಂತಕ್ಕೆ ಅಂಟುವ ಕಪ್ಪು ಕಣಗಳು ಬೆರೆತಿರುತ್ತವೆ.

ಹವಳದ ಕಡಲಿನ ಮರಳು ಹುಟ್ಟುವ ರೀತಿಯೇ ಬೇರೆ. ಅದು ಬೆಟ್ಟದಿಂದ ಇಳಿದುಬಂದದ್ದಲ್ಲ, ಜೀವಿಗಳೇ ಕಟ್ಟಿದ್ದು. ಸತ್ತ ಹವಳದ ತುಣುಕು, ಚಿಪ್ಪಿನ ಚೂರು, ಹ್ಯಾಲಿಮೀಡಾ ಎಂಬ ಸುಣ್ಣಗಟ್ಟುವ ಪಾಚಿಯ ಬಿಲ್ಲೆಗಳು, ಕಣ್ಣಿಗೆ ಕಂಡೂಕಾಣದ ಫೊರಾಮಿನಿಫೆರಾ ಜೀವಿಗಳ ಕವಚ ಎಲ್ಲವೂ ಅದರಲ್ಲಿವೆ. ಗಿಳಿಮೀನುಗಳು ಪಾಚಿಗಾಗಿ ಹವಳದ ಬಂಡೆಯನ್ನು ಕೊಕ್ಕಿನಂತಹ ಬಾಯಿಯಿಂದ ಕೆರೆದು ನುಂಗಿ, ಅರೆದ ಸುಣ್ಣವನ್ನು ಬಿಳಿಯ ಮರಳಾಗಿ ವಿಸರ್ಜಿಸುತ್ತವೆ. ಪ್ರವಾಸಿಗರು ಹೊಗಳುವ ಎಷ್ಟೋ ಬಿಳಿಯ ಕಡಲತೀರಗಳು ಹೀಗೆ ಮೀನಿನ ಹೊಟ್ಟೆಯಲ್ಲಿ ಹಾದು ಬಂದವು. ಬಹಾಮಾ ದ್ವೀಪಗಳ ಆಳವಿಲ್ಲದ ಕಡಲಿನಲ್ಲಾದರೋ ನೀರಿನಲ್ಲಿ ಉರುಳುವ ಕಣದ ಸುತ್ತ ಸುಣ್ಣದ ಪದರಗಳು ಕಟ್ಟಿ ಮೀನಿನ ಮೊಟ್ಟೆಯಂತೆ ಉರುಟಾದ ಮರಳಾಗುತ್ತದೆ. ಇವುಗಳಲ್ಲಿ ಬಹುಪಾಲಿನ ರಾಸಾಯನಿಕ ಹೆಸರು ಕ್ಯಾಲ್ಸಿಯಂ ಕಾರ್ಬೊನೇಟ್. ಹವಳ ಕಟ್ಟುವ ಅದರ ಹರಳುರೂಪಕ್ಕೆ ಅರಗೊನೈಟ್ ಎನ್ನುತ್ತಾರೆ.

ಎರಡನ್ನೂ ಗುರುತಿಸುವುದು ಸುಲಭ. ಒಂದು ಚಮಚ ಮರಳಿಗೆ ವಿನೆಗರ್ ಅಥವಾ ನಿಂಬೆರಸ ಹನಿಸಿದರೆ ಸುಣ್ಣದ ಮರಳು ನೊರೆಗುಳ್ಳೆ ಬಿಡುತ್ತದೆ, ಬೆಣಚು ಸುಮ್ಮನಿರುತ್ತದೆ. ನದಿಮರಳಿನಲ್ಲಿ ಅಲ್ಲಲ್ಲಿ ಗುಳ್ಳೆ ಎದ್ದರೆ ಅದು ಮೃದ್ವಂಗಿಯ ಚಿಪ್ಪಿನ ಚೂರೋ ಸುಣ್ಣಕಲ್ಲಿನ ಹರಳೋ ಆಗಿರಬಹುದು.

ಅರಗೊನೈಟಿನ ಸಾಂದ್ರತೆ 2.9ಕ್ಕಿಂತ ಹೆಚ್ಚು, ಬೆಣಚಿನದು 2.65. ಹಾಗಾದರೆ ಸುಣ್ಣದ ಮರಳು ಹೆಚ್ಚು ಭಾರವಾಗಿ ನಿಲ್ಲಬೇಕಲ್ಲವೇ ಎಂದು ಕೇಳಬಹುದು. ಘನವಾದ ಕಣಕ್ಕೆ ಈ ಮಾತು ಸರಿ. ಆದರೆ ಹವಳ ಮತ್ತು ಹ್ಯಾಲಿಮೀಡಾದ ಚೂರುಗಳಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ, ಹಲವು ಚಪ್ಪಟೆಯಾಗಿರುತ್ತವೆ. ಅವು ತಮ್ಮ ಗಾತ್ರದ ಬೆಣಚಿಗಿಂತ ಹಗುರವಾಗಿ ವರ್ತಿಸುತ್ತವೆ. ಆದ್ದರಿಂದ ಸುಣ್ಣದ ಮರಳನ್ನು ಆರಿಸುವಾಗ ಗಾತ್ರವನ್ನು ಒಂದು ಮಜಲು ಹೆಚ್ಚಾಗಿಯೇ ಇಟ್ಟುಕೊಳ್ಳುವುದು ಯುಕ್ತ.

ಸುಣ್ಣದ ಮರಳು ತಾನೇ ಕರಗಿ ನೀರಿಗೆ ಕ್ಯಾಲ್ಸಿಯಂ ಒದಗಿಸುತ್ತದೆ, ಪಿಎಚ್ ಕಾಯುತ್ತದೆ ಎಂದು ಮಾರಾಟಗಾರರು ಹೇಳುವುದು ಅರ್ಧಸತ್ಯ. ಹವಳದ ತೊಟ್ಟಿಯ ಪಿಎಚ್ 8.1ರಿಂದ 8.3ರ ಆಸುಪಾಸಿನಲ್ಲಿರುತ್ತದೆ. ಆ ನೀರಿನಲ್ಲಿ ಅರಗೊನೈಟ್ ಆಗಲೇ ಕರಗುವ ಮಿತಿಯನ್ನು ಮೀರಿ ತುಂಬಿಕೊಂಡಿರುವುದರಿಂದ ಮರಳು ಕರಗದೆ ಹಾಗೆಯೇ ಉಳಿಯುತ್ತದೆ. ಆಮ್ಲಜನಕ ಕಡಿಮೆಯಾದ ಹಾಸಿನ ಒಳಪದರದಲ್ಲಿ ಪಿಎಚ್ ಇಳಿದು ಸ್ವಲ್ಪ ಕರಗುವುದುಂಟು. ಬೆಳೆಯುವ ಹವಳಗಳ ಹಸಿವಿಗೆ ಅದು ಯಾವ ಮೂಲೆಗೂ ಸಾಲದು. ಕಡಲನೀರಿನಲ್ಲಿ ಲೀಟರಿಗೆ ಸುಮಾರು 410 ಮಿ.ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ತೊಟ್ಟಿಯಲ್ಲಿ ಆ ಮಟ್ಟವನ್ನು ಕಾಯಲು ಪ್ರತ್ಯೇಕ ದ್ರಾವಣಗಳನ್ನು ಹಾಕಬೇಕು. ಅವುಗಳಲ್ಲಿ ಹಳೆಯದು, ಉಸಿರು ಊದಿದರೆ ಬೆಳ್ಳಗಾಗುವ, ಪ್ರೌಢಶಾಲೆಯ ಪ್ರಯೋಗದಿಂದ ಎಲ್ಲರಿಗೂ ಪರಿಚಿತವಾದ ಸುಣ್ಣದ ತಿಳಿನೀರೇ. ಎಲೆಅಡಿಕೆಯ ಸುಣ್ಣವನ್ನು ಇದಕ್ಕೆ ಬಳಸಬಾರದು, ಅದರ ಶುದ್ಧತೆಗೆ ಖಾತರಿಯಿಲ್ಲ.

ಇದರ ಮತ್ತೊಂದು ಮುಖವೂ ಉಂಟು. ಬೆಣಚು ಹವಳಕ್ಕೆ ವಿಷ ಎಂಬುದೂ ಸರಿಯಲ್ಲ. ಶುದ್ಧ ಬೆಣಚು ನೀರಿನಲ್ಲಿ ಕರಗುವುದು ಅತ್ಯಲ್ಪ; ಅದು ಒಳಿತನ್ನೂ ಮಾಡದು, ಕೆಡುಕನ್ನೂ ಮಾಡದು. ಹೊಸ ತೊಟ್ಟಿಯಲ್ಲಿ ಮರಳಿನ ಮೇಲೆ ಹರಡುವ ಕಂದು ಪೊರೆಗೆ ಬೆಣಚನ್ನೇ ದೂರುವವರಿದ್ದಾರೆ. ಡಯಾಟಮ್ ಎಂಬ ಸೂಕ್ಷ್ಮ ಪಾಚಿಯಿಂದಾದ ಆ ಪೊರೆ ಅಪ್ಪಟ ಅರಗೊನೈಟ್ ಹಾಕಿದ ತೊಟ್ಟಿಯಲ್ಲೂ ಮೊದಲ ವಾರಗಳಲ್ಲಿ ಕಾಣಿಸಿಕೊಂಡು ಸಾಮಾನ್ಯವಾಗಿ ತಾನಾಗಿಯೇ ಅಡಗುತ್ತದೆ.

ನದಿಮರಳು ಏಕೆ ಬೇಡ

ಹಾಗಿದ್ದರೆ ಕಾವೇರಿಯ ಮರಳನ್ನು ಹಾಕಬಹುದೇ? ತೊಡಕಿರುವುದು ಬೆಣಚಿನಲ್ಲಲ್ಲ, ಅದರೊಡನೆ ಬರುವ ಇತರ ವಸ್ತುಗಳಲ್ಲಿ. ಎಷ್ಟು ತೊಳೆದರೂ ನದಿಮರಳಿನಲ್ಲಿ ಜೇಡಿ, ಸಾವಯವ ಕಸ ಮತ್ತು ಕಾಗೆಬಂಗಾರ ಸ್ವಲ್ಪ ಉಳಿಯುತ್ತವೆ. ಕಾಗೆಬಂಗಾರದ ಹಾಳೆಗಳು ತೆಳ್ಳಗಿರುವುದರಿಂದ ಬಿರುಸು ಹರಿವಿನಲ್ಲಿ ಕೂರದೆ ಮಿನುಗುತ್ತ ತೇಲಾಡುತ್ತವೆ. ಕಬ್ಬಿಣವುಳ್ಳ ಕಪ್ಪು ಕಣಗಳು ಗಾಜು ಒರೆಸುವ ಅಯಸ್ಕಾಂತಕ್ಕೆ ಅಂಟಿಕೊಂಡು ಗಾಜನ್ನು ಗೀರುತ್ತವೆ. ನದಿಯ ಇಕ್ಕೆಲಗಳಲ್ಲಿ ಕೃಷಿಭೂಮಿ ಇದೆ. ಹುಣಸೂರು ಮತ್ತು ಪಿರಿಯಾಪಟ್ಟಣ ಹೊಗೆಸೊಪ್ಪಿನ ಬೆಳೆಗೆ ಹೆಸರಾದ ತಾಲ್ಲೂಕುಗಳು. ಕಾವೇರಿ, ಲಕ್ಷ್ಮಣತೀರ್ಥಗಳ ಮೇಲ್ಭಾಗದಲ್ಲಿ ಕೊಡಗಿನ ಕಾಫಿ ತೋಟಗಳಿವೆ. ಅಲ್ಲಿ ಸಿಂಪಡಿಸುವ ಬೋರ್ಡೋ ದ್ರಾವಣದ ಮುಖ್ಯ ವಸ್ತು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟು. ಮನುಷ್ಯನಿಗೆ ತೊಂದರೆ ಮಾಡದಷ್ಟು ಅಲ್ಪ ತಾಮ್ರವೂ ಹವಳ, ಸಿಗಡಿ, ಶಂಖದ ಹುಳುಗಳಿಗೆ ಮಾರಕ. ಸಿಹಿನೀರಿನ ಗಪ್ಪಿ ಮೀನು ಸಾಕುವವರು ಇದೇ ಮರಳನ್ನು ತೊಳೆದು ಹಾಕಿ ಚೆನ್ನಾಗಿಯೇ ಇದ್ದಾರೆ ಎಂಬುದು ಹವಳದ ತೊಟ್ಟಿಗೆ ಪ್ರಮಾಣವಾಗದು.

ಮರಳು ತೆಗೆಯುವುದೂ ಈಗ ಯಾರ ಇಷ್ಟದ ವಿಷಯವೂ ಅಲ್ಲ. ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರ ಫೆಬ್ರುವರಿ 27ರಂದು ನೀಡಿದ ಆದೇಶದ ನಂತರ 5 ಹೆಕ್ಟೇರಿಗಿಂತ ಕಡಿಮೆ ವಿಸ್ತೀರ್ಣದ ಗಣಿಗಾರಿಕೆಗೂ ಪರಿಸರ ಅನುಮತಿ ಬೇಕಾಯಿತು. ಕಬಿನಿಗೆ ಬೀಚನಹಳ್ಳಿಯ ಬಳಿ 1974ರಲ್ಲಿ ಮುಗಿದ ಅಣೆಕಟ್ಟೆಯಂತಹ ಕಟ್ಟೆಗಳು ಮೇಲಿನಿಂದ ಬರುವ ಮರಳನ್ನು ತಡೆಯುವುದರಿಂದ ಕೆಳಗಿನ ಪಾತ್ರದಲ್ಲಿ ತೆಗೆದದ್ದು ಬೇಗ ತುಂಬಿಕೊಳ್ಳುವುದಿಲ್ಲ. ನದಿಮರಳಿನ ಬದಲಿಗೆ ಬಂದಿರುವ ಎಂ-ಸ್ಯಾಂಡ್ ಕ್ರಷರಿನಲ್ಲಿ ಒಡೆದ ಕಲ್ಲು. ಕಾಂಕ್ರೀಟಿಗೆ ಅದು ಉಪಯುಕ್ತ. ತೊಟ್ಟಿಗಾದರೋ ಅದರ ಚೂಪು ಅಂಚುಗಳು ಮರಳಿನಲ್ಲಿ ಹುದುಗುವ ಮೀನಿನ ಮೈಯನ್ನು ಗೀರುತ್ತವೆ, ಕಲ್ಲುಹುಡಿ ನೀರನ್ನು ಮಂಕಾಗಿಸುತ್ತದೆ.

ಕಡಲತೀರಕ್ಕೆ ಪ್ರವಾಸ ಹೋದಾಗ ಚೀಲ ತುಂಬಿ ತಂದರಾಯಿತೆಂದು ಯೋಚಿಸುವವರೂ ಇದ್ದಾರೆ. ಕರ್ನಾಟಕದ ಕರಾವಳಿಯ ಮರಳು ಚಿಪ್ಪಿನ ಚೂರು ಬೆರೆತಿದ್ದರೂ ಬಹುಪಾಲು ಬೆಣಚೇ, ಪಶ್ಚಿಮ ಘಟ್ಟದ ಹೊಳೆಗಳು ಇಳಿಸಿದ್ದು. ಹವಳದ ಬಂಡೆಗಳಿರುವುದು ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದಂತಹ ಕೆಲವೇ ಕಡೆ. ಹವಳ ಕಟ್ಟುವ ಪ್ರಾಣಿಗಳು 2001ರಿಂದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ, ಅಂದರೆ ಹುಲಿ ಮತ್ತು ಆನೆಗಳಿಗಿರುವ ರಕ್ಷಣೆಯಲ್ಲಿ, ಸೇರಿವೆ. ನಾಗರಹೊಳೆಯ ನೆರೆಯವರಿಗೆ ಆ ರಕ್ಷಣೆಯ ತೂಕವನ್ನು ವಿವರಿಸಬೇಕಾಗಿಲ್ಲ. ಸತ್ತು ಬಿದ್ದ ತುಂಡೆಂದು ಲಕ್ಷದ್ವೀಪದಿಂದಾಗಲಿ ಅಂಡಮಾನಿನಿಂದಾಗಲಿ ಹವಳದ ಚೂರನ್ನು ಎತ್ತಿ ತರುವುದು ಅಪರಾಧವಾಗುತ್ತದೆ. ಕಾನೂನುಬದ್ಧವಾಗಿ ಆಮದಾದ, ಬಿಲ್ಲು ಸಹಿತ ಮಾರುವ ಅರಗೊನೈಟ್ ಮರಳನ್ನೇ ಕೊಳ್ಳಬೇಕು. ದುಬಾರಿಯೆನಿಸಿದರೆ ಮರಳಿಲ್ಲದ ಬರಿಗಾಜಿನ ತಳವೂ ಒಂದು ಒಪ್ಪಿತ ಪದ್ಧತಿ. ಹರಿವನ್ನು ಎಷ್ಟು ಬೇಕಾದರೂ ಹೆಚ್ಚಿಸಲು ಅದರಲ್ಲಿ ಅಡ್ಡಿಯಿಲ್ಲ.

ತೊಟ್ಟಿಯ ನಿವಾಸಿಗಳು

ಮರಳಿನಲ್ಲಿ ಬಾಳುವ ಜೀವಿಗಳಿದ್ದರೆ ಮೇಲಿನ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಹ್ಯಾಲಿಕೋರಿಸ್ ಕುಲದ ರಾಸ್ ಮೀನುಗಳು ಕತ್ತಲಾಗುತ್ತಿದ್ದಂತೆ ಮರಳಿನೊಳಗೆ ನುಗ್ಗಿ ಮಲಗುತ್ತವೆ. ಅವುಗಳಿಗೆ ಉರುಟು ಕಣದ, ಕನಿಷ್ಠ 5 ಸೆಂ.ಮೀ. ದಪ್ಪದ ಹಾಸು ಬೇಕು. ಕೆಲವು ಗೋಬಿ ಮೀನುಗಳು ಬಾಯ್ತುಂಬ ಮರಳು ತೆಗೆದುಕೊಂಡು ಕಿವಿರಿನಿಂದ ಉಗುಳುತ್ತ ಆಹಾರ ಸೋಸುತ್ತವೆ, 2 ಮಿ.ಮೀ.ನ ಹರಳು ಅವುಗಳ ಕೈಲಾಗದು. ಇವು ಬೇಕೇಬೇಕೆಂದಿದ್ದರೆ 0.5ರಿಂದ 1 ಮಿ.ಮೀ. ಮರಳನ್ನು ಹಾಕಿ ಹರಿವನ್ನು ತೊಟ್ಟಿಯ ಮೇಲರ್ಧಕ್ಕೆ ಸೀಮಿತಗೊಳಿಸಬೇಕಾಗುತ್ತದೆ. ಅತಿ ಬಿರುಸಿನ ಹರಿವು ಬೇಡುವ ಹವಳಗಳನ್ನೂ ಗೋಬಿಗಳನ್ನೂ ಒಂದೇ ಪುಟ್ಟ ತೊಟ್ಟಿಯಲ್ಲಿ ಸಾಕಲು ಹೊರಡುವುದು ಜಾಣತನವಲ್ಲ.

ಹಾಸಿನ ದಪ್ಪ ಮತ್ತು ಪ್ರಮಾಣ

ನೋಟಕ್ಕೂ ಸಾಮಾನ್ಯ ಬಳಕೆಗೂ 2.5ರಿಂದ 5 ಸೆಂ.ಮೀ. ಸಾಕು. 10 ಸೆಂ.ಮೀ.ಗಿಂತ ದಪ್ಪನಾದ ನಯಮರಳಿನ ಹಾಸಿನ ಒಳಭಾಗದಲ್ಲಿ ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾ ನೈಟ್ರೇಟನ್ನು ಸಾರಜನಕ ಅನಿಲವಾಗಿಸುತ್ತವೆ. ಅದಕ್ಕಾಗಿಯೇ ಆಳದ ಹಾಸನ್ನು ಇಡುವವರಿದ್ದಾರೆ. ಆದರೆ ಅದನ್ನು ಕದಡಿದರೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹೊರಬಿದ್ದು ಜೀವಿಗಳನ್ನು ಕೊಲ್ಲಬಲ್ಲದು. ಮರಳು ಸದಾ ಜರುಗುವ ಬಿರುಸು ಹರಿವಿನ ತೊಟ್ಟಿಗೆ ಈ ಕ್ರಮ ಹೇಳಿಸಿದ್ದಲ್ಲ.

ಬೇಕಾಗುವ ಪ್ರಮಾಣವನ್ನು ಹೀಗೆ ಲೆಕ್ಕ ಹಾಕಬಹುದು: 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ತಳಕ್ಕೆ 4 ಸೆಂ.ಮೀ. ದಪ್ಪ ಹರಡಲು 21,600 ಘನ ಸೆಂ.ಮೀ., ಅಂದರೆ 21.6 ಲೀಟರ್ ಮರಳು ಬೇಕು. ಒಣಗಿದ ಅರಗೊನೈಟ್ ಮರಳು ಲೀಟರಿಗೆ ಸುಮಾರು 1.4 ಕಿ.ಗ್ರಾಂ ತೂಗುವುದರಿಂದ 30 ಕಿ.ಗ್ರಾಂ ತಂದರೆ ಸರಿಹೋಗುತ್ತದೆ.

ಹಾಕುವ ಕ್ರಮ

ಮರಳನ್ನು ಬಕೆಟಿನಲ್ಲಿ ಸ್ವಲ್ಪಸ್ವಲ್ಪವಾಗಿ ಹಾಕಿ, ಮೇಲೆ ನಿಲ್ಲುವ ನೀರು ತಿಳಿಯಾಗುವವರೆಗೆ ಅಕ್ಕಿ ತೊಳೆದಂತೆ ತೊಳೆದು ಬಸಿಯಬೇಕು. ಕೊನೆಯ ಸಲ ಆರ್‌ಓ ನೀರನ್ನು ಬಳಸುವುದು ಒಳ್ಳೆಯದು. ಜೀವಂತ ಬ್ಯಾಕ್ಟೀರಿಯಾ ಸಹಿತ ಒದ್ದೆಯಾಗಿಯೇ ಮಾರುವ ಮರಳನ್ನು ಹೀಗೆ ತೊಳೆಯಬಾರದು. ತೊಟ್ಟಿಯಲ್ಲಿ ಮೊದಲು ಕಲ್ಲುಗಳನ್ನು ಗಾಜಿನ ತಳದ ಮೇಲೆಯೇ ಭದ್ರವಾಗಿ ಕೂರಿಸಿ ಆಮೇಲೆ ಸುತ್ತ ಮರಳು ಹರಡಬೇಕು. ಮರಳಿನ ಮೇಲೆ ಕಲ್ಲಿಟ್ಟರೆ ಹರಿವೋ ಬಿಲ ತೋಡುವ ಮೀನೋ ಬುಡವನ್ನು ಕೊರೆದು ಕಲ್ಲು ಉರುಳುತ್ತದೆ, ಗಾಜು ಒಡೆದ ಉದಾಹರಣೆಗಳೂ ಉಂಟು. ನೀರನ್ನು ಮರಳಿನ ಮೇಲಿಟ್ಟ ಒಂದು ತಟ್ಟೆಯ ಮೇಲೆ ಸುರಿದರೆ ಹಾಸು ಕದಡುವುದಿಲ್ಲ.

ಪಂಪುಗಳನ್ನು ಮೊದಲ ದಿನವೇ ಪೂರ್ಣ ವೇಗದಲ್ಲಿ ನಡೆಸಬಾರದು. ಕಡಿಮೆ ವೇಗದಿಂದ ಆರಂಭಿಸಿ, ಎರಡು ಮೂರು ದಿನಗಳಿಗೊಮ್ಮೆ ಒಂದು ಹಂತ ಏರಿಸುತ್ತ, ಎಲ್ಲಿ ಗುಂಡಿ ಬೀಳುತ್ತಿದೆ ಎಂದು ನೋಡಬೇಕು. ಗುಂಡಿ ಬಿದ್ದಲ್ಲಿಗೆ ಮತ್ತೆ ಮತ್ತೆ ಮರಳು ತಳ್ಳುವುದು ವ್ಯರ್ಥ. ಪಂಪಿನ ಮುಖವನ್ನು ಎರಡು ಬೆರಳಿನಷ್ಟು ಮೇಲಕ್ಕೆ ಅಥವಾ ಎದುರಿನ ಗಾಜಿನತ್ತ ತಿರುಗಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಹಾಗೂ ನಿಲ್ಲದಿದ್ದರೆ ಆ ಜಾಗಕ್ಕೆ ಮಾತ್ರ 3ರಿಂದ 5 ಮಿ.ಮೀ.ನ ಅರಗೊನೈಟ್ ಹರಳನ್ನು ಹಾಕುತ್ತಾರೆ. ಅದರ ಸಂದುಗಳಲ್ಲಿ ಸೇರುವ ಕಸವನ್ನು ನೀರು ಬದಲಿಸುವಾಗಲೆಲ್ಲ ಕೊಳವೆಯಿಂದ ಹೀರಿ ತೆಗೆಯಬೇಕಾಗುತ್ತದೆ.